ತೊಂಬತ್ತರ ಮೇಲೆ ನಿಂತ ಮುಳ್ಳು

ಸ್ವಲ್ಪ ಕೂತು ಕೇಳಿ. ಮೀಟರ್ ರಿಪೇರಿಯ ಕಥೆಯಂತೆ, ಅದರಲ್ಲೇನು ಮಣ್ಣು ಇರುತ್ತದೆ ಅಂತ ನಡುವೆ ಎದ್ದು ಹೋಗಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ಬೆಳಿಗ್ಗೆ ಹನ್ನೊಂದಾಗಿತ್ತು. ಅಂಗಡಿಯ ಮುಂದೆ ಡ್ರಿಲ್ ಮೇಷ್ಟ್ರ ಹಳೆಯ ಮೋಟಾರ್‌ಸೈಕಲ್ ಸ್ಟ್ಯಾಂಡ್ ಮೇಲೆ ನಿಂತಿತ್ತು. ಮೀಟರಕ್ಕ ನೆಲದ ಮೇಲೆ ಮಂಡಿಯೂರಿ, ಹೆಡ್‌ಲೈಟಿನ ಬಟ್ಟಲೊಳಗೆ ಮೊಣಕೈವರೆಗೆ ಕೈ ತೂರಿಸಿದ್ದಳು. ಅವಳಿಗೆ ಆ ಹೆಸರಿಟ್ಟದ್ದು ಬೀದಿಯವರು. ಸ್ಕೂಟರ್, ಬೈಕು, ಲಾರಿ, ಏನೇ ಇರಲಿ, ಮೀಟರ್ ಕೆಟ್ಟರೆ ಬರುವುದು ಈ ಒಂದೇ ಬಾಗಿಲಿಗೆ. ಮೊದಲು ಅವಳ ಅಪ್ಪ ಮಾಡುತ್ತಿದ್ದ. ಅವನ ಕೈ ನಡುಗಲು ಶುರುವಾಗಿ ಆರು ವರ್ಷವಾಯಿತು. ಈಗ ಅಪ್ಪ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಾನೆ, ತಪ್ಪು ಹುಡುಕುತ್ತಾನೆ.

"ಏನಾಯ್ತು, ಗಾಡಿ ಯಾಕೆ ಸತ್ತಿದೆ?" ಅಂದ ಪಕ್ಕದ ಗ್ಯಾರೇಜಿನ ಗ್ರೀಸಣ್ಣ. ಇಂಜಿನ್ ಕೆಲಸ ಅವನದು. ಹೊಸ ಆಂಪ್ ಮೀಟರಿಗೆ, ಅಂದರೆ ಬ್ಯಾಟರಿಯ ಕರೆಂಟು ಅಳೆಯುವ ಮೀಟರಿಗೆ, ತಂತಿ ಕೊಟ್ಟವನೂ ಅವನೇ.

"ನೀನು ಮುಟ್ಟಿದ್ದೆಯಲ್ಲ, ಅದಕ್ಕೆ."

"ಹೌದಮ್ಮ, ನಾನು ಮುಟ್ಟಿದ್ದೆಲ್ಲ ಸಾಯುತ್ತೆ. ನನ್ನ ಹೆಂಡತೀನೂ ಇದನ್ನೇ ಹೇಳ್ತಾಳೆ."

ಮೀಟರಕ್ಕ ನಕ್ಕಳು. ಈ ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಕರೆಂಟೆಲ್ಲ ಆಂಪ್ ಮೀಟರಿನ ಹೊಟ್ಟೆಯೊಳಗಿಂದಲೇ ಹಾದು ಹೋಗಬೇಕು. ಅದರ ಹಿಂದಿನ ಒಂದು ನಟ್ಟು ಸಡಿಲವಾದರೆ ಸಾಕು, ಲೈಟಿಲ್ಲ, ಹಾರನ್ನಿಲ್ಲ, ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋದರೂ ಕಿಡಿ ಇಲ್ಲ. ಅವಳು ನಟ್ಟು ಬಿಗಿದಳು. ಲೈಟ್ ಹತ್ತಿತು. ಆದರೆ ಮುಳ್ಳು ಬ್ಯಾಟರಿ ಖರ್ಚು ತೋರಿಸುವ ಮೈನಸ್ಸಿಗೆ ವಾಲುವ ಬದಲು ಪ್ಲಸ್ಸಿಗೆ ವಾಲಿತು.

"ನೋಡು ನಿನ್ನ ಕೆಲಸ! ಲೈಟ್ ಹಾಕಿದಷ್ಟೂ ಬ್ಯಾಟರಿ ಚಾರ್ಜ್ ಆಗುತ್ತಂತೆ. ಇನ್ನು ಇದನ್ನ ಮನೇಲಿ ನಿಲ್ಲಿಸ್ಕೊಂಡು ಊರಿಗೆಲ್ಲ ಕರೆಂಟ್ ಹಂಚಬಹುದು."

"ಎರಡೂ ತಂತಿ ಒಂದೇ ಬಣ್ಣ, ನಾನೇನು ಮಾಡ್ಲಿ?"

ಕುರ್ಚಿಯಿಂದ ಅಪ್ಪ ಕೂಗಿದ. "ಸತ್ತು ಹೋಗಿದ್ರೆ ಪರವಾಗಿಲ್ಲ. ಸುಳ್ಳು ತೋರಿಸ್ತಿದ್ರೆ ಮೊದ್ಲು ಬಿಚ್ಚು. ಗಿರಾಕಿ ನಂಬಿಬಿಡ್ತಾನೆ."

ಅವಳು ತಂತಿ ಅದಲುಬದಲು ಮಾಡಿದಳು. ಮುಳ್ಳು ಸರಿಯಾದ ಕಡೆ ವಾಲಿತು. ಡ್ರಿಲ್ ಮೇಷ್ಟ್ರು ಇಷ್ಟೂ ಹೊತ್ತು ಬಾಗಿಲ ಪಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತೇ ಇದ್ದರು. ಸ್ಟೂಲ್ ಕೊಟ್ಟರೂ ಕೂರಲಿಲ್ಲ. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಇಸ್ತ್ರಿ ಗೆರೆ ಮುರಿಯದ ಬಿಳಿ ಪ್ಯಾಂಟು, ಎದೆಯ ಜೇಬಿನಲ್ಲಿ ಮಡಿಸಿಟ್ಟ ಕರವಸ್ತ್ರ.

ಉಳಿದದ್ದು ಸ್ಪೀಡೋಮೀಟರ್. ಮೇಷ್ಟ್ರು ಹೊಸದನ್ನು ತರಿಸಿಕೊಂಡಿದ್ದರು. ನೋಡಲು ಹಳೆಯದರ ಹಾಗೆಯೇ ಇತ್ತು, ಕಪ್ಪು ಮುಖ, ಬಿಳಿ ಅಂಕಿ. ಮೀಟರಕ್ಕ ಅದನ್ನು ಕೂರಿಸಿ, ಕೇಬಲ್ ಸಿಕ್ಕಿಸಿ, ಬೀದಿಯ ಕೊನೆವರೆಗೆ ಓಡಿಸಿಕೊಂಡು ಬಂದಳು. ನಲವತ್ತರಲ್ಲಿ ಹೋದರೆ ಇಪ್ಪತ್ತು ತೋರಿಸಿತು. ಹೊಸ ಮೀಟರಿನ ಒಳಗಿನ ಲೆಕ್ಕವೇ ಬೇರೆ ಚಕ್ರಕ್ಕೆ ಮಾಡಿದ್ದು. ಹಳೆಯ ಮೀಟರಿಗೆ ಕಿಲೋಮೀಟರಿಗೆ ಎಷ್ಟು ಸುತ್ತು ಅಂತ ಗೊತ್ತಾದರೆ ಸರಿ ಮಾಡಬಹುದು. ಆ ಸಂಖ್ಯೆಯನ್ನು ಡಯಲ್ಲಿನ ಕೆಳ ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

"ಹಳೇದು ಇದೆಯಾ ಮೇಷ್ಟ್ರೇ?"

ಮೇಷ್ಟ್ರು ಚೀಲದಿಂದ ಒಂದು ಟವೆಲ್ ಗಂಟು ತೆಗೆದು ಬಿಚ್ಚಿದರು. ಮೀಟರ್ ಒಂದು ಕಡೆ ಜಜ್ಜಿ ಹೋಗಿತ್ತು. ಸುತ್ತಲಿನ ಉಕ್ಕಿನ ಬಳೆ ಒಳಕ್ಕೆ ತಗ್ಗಾಗಿ ಮುಳ್ಳಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ ಹಾಗೆ ಹಿಡಿದುಕೊಂಡಿತ್ತು. ಗಾಜು ಒಡೆದಿತ್ತು. ಮುಳ್ಳು ತೊಂಬತ್ತರ ಮೇಲಿತ್ತು.

"ಇದನ್ನ ಬಿಚ್ಚಬೇಡಮ್ಮ," ಅಂದರು. "ಹಿಂಗೇ ವಾಪಸ್ ಬೇಕು."

"ಕೆಳಗಿನ ನಂಬರ್ ತಗ್ಗಿನಲ್ಲಿ ಮುಚ್ಚಿಹೋಗಿದೆ. ಬಳೆ ತೆಗೀದೆ ಕಾಣಲ್ಲ. ಆಮೇಲೆ ಹೆಂಗಿತ್ತೋ ಹಂಗೇ ಮಾಡಿ ಕೊಡ್ತೀನಿ."

"ತೊಂಬತ್ತರಲ್ಲೇ?"

"ತೊಂಬತ್ತರಲ್ಲೇ."

ಮೇಷ್ಟ್ರು ಮೀಟರನ್ನು ಅವಳ ಕೈಗೆ ಕೊಟ್ಟರು. ಆಮೇಲೆ ಯಾರೂ ಕೇಳದಿದ್ದರೂ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಅಡ್ಡರಸ್ತೆಯಿಂದ ಲಾರಿ ಬಂದಿತ್ತು. ಅವರು ಉಳಿದರು, ಅವಳು ಉಳಿಯಲಿಲ್ಲ. ಲಾರಿಯವನು 'ತೊಂಬತ್ತರಲ್ಲಿ ನುಗ್ಗಿ ಬಂದ' ಅಂದ. ಮೀಟರೂ ಅದನ್ನೇ ಹೇಳಿತು. ಎರಡು ವರ್ಷ ಜೈಲು. ಎರಡು ವರ್ಷದ ಮಗಳನ್ನು ಹೆಂಡತಿಯ ತವರಿನವರು ಕರೆದುಕೊಂಡು ಹೋದರು.

"ಅಜ್ಜಿ ಅವಳಿಗೆ ಹೇಳಿಕೊಟ್ಟಿದ್ದು ಒಂದೇ ಮಾತು. ನಿಮ್ಮಪ್ಪ ತೊಂಬತ್ತರಲ್ಲಿ ಓಡಿಸಿ ನಿಮ್ಮಮ್ಮನ್ನ ಕೊಂದ ಅಂತ. ಇಷ್ಟು ವರ್ಷ ನಾನು ಬರೆದ ಒಂದು ಕಾಗದಕ್ಕೂ ಉತ್ತರ ಬಂದಿರ್ಲಿಲ್ಲ. ಹೋದ ವಾರ ಬಂತು. ಎರಡೇ ಸಾಲು. ಆ ಮೀಟರ್ ನಿಮ್ಮ ಹತ್ರ ಇದೆಯಂತೆ, ಭಾನುವಾರ ಬಂದು ನೋಡ್ತೀನಿ ಅಂತ." ಅವರು ಟ್ಯಾಂಕನ್ನು ಅಂಗೈಯಿಂದ ಒರೆಸಿದರು. "ಇಲ್ಲಿ ಕೂರಿಸ್ಕೊಂಡು ಹೋಗ್ತಿದ್ದೆ ಅವಳನ್ನ. ಹಾರನ್ ಬಿಡ್ತಾನೇ ಇರ್ಲಿಲ್ಲ. ಅದಕ್ಕೆ ಅವಳು ಬರೋಷ್ಟರಲ್ಲಿ ಗಾಡಿ ನಡೆಯೋ ಹಂಗಿರ್ಲಿ ಅಂತ. ಮೀಟರ್ ನೋಡಿ ಬೈತಾಳೆ, ಬೈದು ಹೋಗ್ಲಿ. ಬರ್ತಾಳಲ್ಲ."

ಗ್ರೀಸಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಸುಮ್ಮನೆ ಒರೆಸುತ್ತಾ ನಿಂತ. ಮೇಷ್ಟ್ರು ಕುರ್ಚಿಯ ಕಡೆ ತಿರುಗಿದರು.

"ನಿಮಗೆ ನೆನಪಿಲ್ಲ ಅನ್ಸುತ್ತೆ ಯಜಮಾನ್ರೇ. ಅಪಘಾತಕ್ಕೆ ಹದಿನೈದು ದಿನ ಮುಂಚೆ ಈ ಮೀಟರ್ ರಿಪೇರಿ ಮಾಡಿಕೊಟ್ಟಿದ್ದು ನೀವೇ. ರಿಪೇರಿ ಆದ್ಮೇಲೆ ಗಾಡಿಗೆ ರೆಕ್ಕೆ ಬಂದಂಗಿತ್ತು. ಸ್ವಲ್ಪ ತಿರುವಿದ್ರೆ ಅರವತ್ತು, ಎಪ್ಪತ್ತು. ನನ್ನ ಹೆಂಡತಿ ತಮಾಷೆ ಮಾಡ್ತಿದ್ಲು, ಮೀಟರ್‌ನವರು ಇಂಜಿನ್ನೂ ರಿಪೇರಿ ಮಾಡಿಕೊಟ್ರಾ ಅಂತ."

ಅಪ್ಪ ರೇಡಿಯೋದ ಗುಬುಟು ತಿರುವುತ್ತಿದ್ದ. "ಎಷ್ಟೋ ಗಾಡಿ ಬರ್ತವೆ," ಅಂದ.

ಮೀಟರಕ್ಕ ಕೈಯಲ್ಲಿದ್ದ ಹಳೆಯ ಮೀಟರನ್ನು ತಿರುಗಿಸಿ ನೋಡಿದಳು. ಇದು ಅಪ್ಪನ ಕಥೆಯ ಆ ಮೀಟರೇ? ಅಪ್ಪನಿಗೆ ಒಂದು ಕಥೆಯಿದೆ. ಹೊಸ ಗಿರಾಕಿ ಬಂದರೆ, ನೆಂಟರು ಬಂದರೆ, ಯಾರೂ ಬರದಿದ್ದರೆ ಮಗಳಿಗೇ ಅದನ್ನು ಹೇಳಬೇಕು. ಒಂದು ಸಲ ಪೊಲೀಸರು ಒಂದು ಮೀಟರ್ ಹಿಡಿದುಕೊಂಡು ಅಂಗಡಿಗೆ ಬಂದರಂತೆ, ಇದು ತಪ್ಪು ತೋರಿಸಿರಬಹುದಾ ಅಂತ ಕೇಳಿದರಂತೆ. ಅಪ್ಪ ಎದ್ದು ನಿಂತು, ಅಂಗಡಿ ತುಂಬ ಜನರ ಮುಂದೆ, 'ನಾನು ಕೂರಿಸಿದ ಮುಳ್ಳು ಸುಳ್ಳು ಹೇಳಲ್ಲ ಸಾರ್, ಬರೆದುಕೊಳ್ಳಿ' ಅಂದನಂತೆ. ಬರೆದುಕೊಂಡರಂತೆ. ಈ ಕಥೆ ಕೇಳಿಯೇ ಅವಳು ಹತ್ತನೇ ವಯಸ್ಸಿನಲ್ಲಿ ಈ ಕೆಲಸವನ್ನೇ ಮಾಡುತ್ತೇನೆ ಅಂದದ್ದು. ಆ ಮೀಟರ್ ಯಾರದು ಅಂತ ಅಪ್ಪನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಮೇಷ್ಟ್ರು ಶನಿವಾರ ಬರುತ್ತೇನೆ ಅಂತ ಹೇಳಿ ನಡೆದು ಹೋದರು.

ಮಧ್ಯಾಹ್ನ ಅವಳು ಹಳೆಯ ಮೀಟರನ್ನು ಮೇಜಿನ ದೀಪದ ಕೆಳಗಿಟ್ಟು, ಸಣ್ಣ ಚಿಮಟದಿಂದ ಬಳೆಯ ಅಂಚನ್ನು ಸ್ವಲ್ಪ ಸ್ವಲ್ಪವೇ ಎತ್ತಿದಳು. ಬಳೆ ಟಕ್ ಅಂತ ಕಳಚಿತು. ಕಳಚಿದ್ದೇ ತಡ, ಮುಳ್ಳು ತೊಂಬತ್ತರಿಂದ ಸರ್ರನೆ ಹಿಂದಕ್ಕೆ ಹಾರಿ, ಸೊನ್ನೆಯಲ್ಲಿ ಅದನ್ನು ತಡೆಯುವ ಸಣ್ಣ ಮೊಳೆಗೆ ಬಡಿದು ನಿಂತಿತು. ಅವಳು ಬೆಚ್ಚಿಬಿದ್ದಳು. ಅಂದರೆ ಒಳಗಿನ ಸ್ಪ್ರಿಂಗ್ ಇನ್ನೂ ಜೀವಂತವಾಗಿದೆ. ಇಪ್ಪತ್ತೆರಡು ವರ್ಷ ಹಿಡಿದಿಟ್ಟಿದ್ದರೂ ಅದು ಸೋತಿರಲಿಲ್ಲ.

ಈ ಸ್ಪೀಡೋಮೀಟರಿನ ಒಳಗು ಎಷ್ಟು ಚೆನ್ನಾಗಿರುತ್ತದೆ ಗೊತ್ತಾ? ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಬೋರಲು ಹಾಕಿದ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ, ಆದರೂ ಅಯಸ್ಕಾಂತ ಬಟ್ಟಲನ್ನು ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳ್ಳು. ಮುಳ್ಳನ್ನು ಕೂರಿಸುವುದರಲ್ಲೇ ಇಡೀ ವಿದ್ಯೆ. ಸ್ಪ್ರಿಂಗ್ ಪೂರ್ತಿ ಸಡಿಲವಿದ್ದಾಗ ಮುಳ್ಳು ಸೊನ್ನೆಯ ಮೊಳೆಗಿಂತ ಒಂದು ಬೆರಳು ಕೆಳಗೆ ನಿಲ್ಲಬೇಕು. ಅಲ್ಲಿ ಒತ್ತಿ ಕೂರಿಸಿ, ಆಮೇಲೆ ಎತ್ತಿ ಮೊಳೆಯ ಈಚೆ ದಾಟಿಸಬೇಕು. ಅವಸರದಲ್ಲಿ ನೇರವಾಗಿ ಮೊಳೆಗೇ ಒರಗಿಸಿ ಒತ್ತಿಬಿಟ್ಟರೆ ನೋಡಲು ಸೊನ್ನೆ ಸೊನ್ನೆಯಾಗೇ ಕಾಣುತ್ತದೆ. ಗಾಡಿ ಓಡಿದಾಗ ಮಾತ್ರ ಎಲ್ಲ ಹೆಚ್ಚಿಗೆ. ಅದಕ್ಕೇ ಅಂಗಡಿಯಲ್ಲಿ ಪರೀಕ್ಷೆಯ ಮೋಟಾರಿದೆ, ನಿಮಿಷಕ್ಕೆ ಸಾವಿರ ಸುತ್ತು ಕೊಟ್ಟರೆ ಅರವತ್ತು ತೋರಿಸಬೇಕು.

ಅವಳಿಗೆ ಬೇಕಾದ ಸಂಖ್ಯೆ ಸಿಕ್ಕಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಜೀವಂತ ಮೀಟರ್ ಕೈಗೆ ಸಿಕ್ಕರೆ ಮೋಟಾರಿಗೆ ಹಾಕದೆ ಇರಲು ಅವಳ ಕೈ ಕೇಳುವುದಿಲ್ಲ. ಹಾಕಿದಳು. ಸಾವಿರ ಸುತ್ತು. ಮುಳ್ಳು ಅರವತ್ತನ್ನು ದಾಟಿ, ಎಪ್ಪತ್ತನ್ನು ದಾಟಿ, ಎಂಬತ್ತೈದರಲ್ಲಿ ಹೋಗಿ ನಿಂತಿತು.

ಮೋಟಾರ್ ನಿಲ್ಲಿಸಿದಳು. ಮತ್ತೆ ಹಾಕಿದಳು. ಎಂಬತ್ತೈದು. ಸುತ್ತು ಹೆಚ್ಚಿಸುತ್ತಾ ಹೋದಳು. ಮುಳ್ಳು ತೊಂಬತ್ತಕ್ಕೆ ಬಂದಾಗ ನಿಜವಾದ ವೇಗ ಅರವತ್ತೈದು.

ಬಿದ್ದ ಏಟಿಗೆ ಮುಳ್ಳು ಜಾರಿರಬಹುದು ಅಂದುಕೊಂಡು ಭೂತಗನ್ನಡಿ ಹಿಡಿದಳು. ಮುಳ್ಳಿನ ಬುಡದಲ್ಲಿ ಅಪ್ಪ ಹಚ್ಚುವ ಕೆಂಪು ಅರಗಿನ ಹನಿ ಇತ್ತು. ಮುಳ್ಳು ಒಂದು ಕೂದಲಷ್ಟು ಜಾರಿದ್ದರೂ ಅದು ಬಿರಿಯಬೇಕು. ಒಂದು ಗೆರೆಯೂ ಇರಲಿಲ್ಲ.

ಮುಳ್ಳನ್ನು ಎಳೆದು ತೆಗೆದು, ಡಯಲ್ ಕಳಚಿ ಹಿಂಬದಿ ತಿರುಗಿಸಿದಳು. ಮೀಟರ್ ರಿಪೇರಿಯವರು ತಾವು ಬಿಚ್ಚಿದ ಪ್ರತಿ ಡಯಲ್ಲಿನ ಬೆನ್ನಿಗೆ ಸೂಜಿಯಲ್ಲಿ ತಾರೀಕು ಗೀರಿ ತಮ್ಮ ಗುರುತು ಹಾಕುತ್ತಾರೆ. ಅಪ್ಪನ ಗುರುತು ಕೊಕ್ಕೆಯಂಥ ಒಂದು ಗೀಟು. ಮೋಟಾರಿಗೆ ಹಾಕಿ ಪರೀಕ್ಷೆ ಮಾಡಿದ ಮೇಲೆ ಅದರ ಪಕ್ಕ ಒಂದು ಚುಕ್ಕೆ. ಅವಳಿಗೆ ಅಪ್ಪ ಕಲಿಸಿದ ಮೊದಲ ಪಾಠ ಅದು: ಚುಕ್ಕೆ ಇಡದ ಮೀಟರ್ ಹೊಸಿಲು ದಾಟಬಾರದು.

ತಾರೀಕಿತ್ತು. ಕೊಕ್ಕೆ ಇತ್ತು. ಚುಕ್ಕೆ ಇರಲಿಲ್ಲ.

ಅವಳು ಡಯಲ್ಲನ್ನು ಅಪ್ಪನ ತೊಡೆಯ ಮೇಲಿಟ್ಟಳು. ಅಪ್ಪ ಕನ್ನಡಕ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳುವ ಅಗತ್ಯವಿರಲಿಲ್ಲ.

"ಅವತ್ತು ನಿನಗೆ ಜ್ವರ," ಅಂದ. "ನಿಮ್ಮಮ್ಮ ಮೂರು ಸಲ ಹೇಳಿ ಕಳಿಸಿದ್ಲು. ಆ ಮನುಷ್ಯ ಇಲ್ಲೇ ನಿಂತಿದ್ದ, ಸ್ಕೂಲಿಗೆ ಹೊತ್ತಾಯ್ತು ಅಂತ. ಕೂರಿಸಿದೆ, ಕೊಟ್ಟೆ."

"ಪೊಲೀಸರು ಬಂದಾಗ?"

"ಅಂಗಡಿ ತುಂಬ ಜನ ಇದ್ರು."

"ನಿಂಗೆ ಆಗ್ಲೇ ಗೊತ್ತಿತ್ತಾ ಅಪ್ಪ?"

"ಗೊತ್ತಿತ್ತು ಅಂತ ಅಲ್ಲ. ಚುಕ್ಕೆ ಇಟ್ಟಿಲ್ಲ ಅನ್ನೋದು ಗೊತ್ತಿತ್ತು." ಅವನ ಕೈ ತೊಡೆಯ ಮೇಲೆ ನಡುಗುತ್ತಿತ್ತು, ಡಯಲ್ ಕಿಣಿಕಿಣಿ ಅನ್ನುತ್ತಿತ್ತು. "ಏನು ಹೇಳ್ಬೇಕಿತ್ತು? ನಾನು ಪರೀಕ್ಷೆ ಮಾಡಿಲ್ಲ ಸಾರ್ ಅಂತಾನಾ? ಮಾರನೇ ದಿನದಿಂದ ಯಾವನು ಬರ್ತಿದ್ದ ಈ ಬಾಗ್ಲಿಗೆ? ನೀನೇನು ತಿಂತಿದ್ದೆ?"

"ಎಷ್ಟು ಸಲ ಹೇಳಿದ್ದೀಯ ಆ ಕಥೇನ. ನಗ್ತಾ ನಗ್ತಾ."

"ಹೇಳ್ತಾ ಹೇಳ್ತಾ ಅಭ್ಯಾಸ ಆಗೋಯ್ತು. ಹೋದವಳು ವಾಪಸ್ ಬರ್ತಾಳಾ ಈಗ?"

"ಹೋದವಳಲ್ಲ ಅಪ್ಪ. ಭಾನುವಾರ ಬರೋಳು."

ಅವಳು ಅಲ್ಲಿ ನಿಲ್ಲಲಾರದೆ ಗ್ರೀಸಣ್ಣನ ಗ್ಯಾರೇಜಿಗೆ ಹೋಗಿ ಟೀ ಕುಡಿದಳು. ಅವನು ಏನೋ ತಮಾಷೆ ಮಾಡಿದ. ಅವಳಿಗೆ ಕೇಳಿಸಲಿಲ್ಲ. ಹದಿನೈದು ನಿಮಿಷ ಕಳೆದು ವಾಪಸ್ ಬಂದಾಗ ಅಂಗಡಿಯಲ್ಲಿ ಪಾಲಿಶಿನ ವಾಸನೆ. ಡಯಲ್ ಮೇಜಿನ ಮೇಲಿತ್ತು. ಅದರ ಬೆನ್ನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಾರೀಕಿಲ್ಲ, ಕೊಕ್ಕೆ ಇಲ್ಲ. ಆರು ವರ್ಷದಿಂದ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಮಗಳನ್ನು ಕರೆಯುವ ಮನುಷ್ಯ, ಮುಂಭಾಗದ ಒಂದು ಅಂಕಿಯೂ ಅಳಿಸದ ಹಾಗೆ ಉಜ್ಜಿದ್ದ. ಕರಿ ಹಿಡಿದ ಬಟ್ಟೆಯನ್ನು ಇನ್ನೂ ಹಿಡಿದುಕೊಂಡೇ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಬಂದಿರಲಿಲ್ಲ.

ಶುಕ್ರವಾರ ಅವಳು ಹೊಸ ಮೀಟರಿನ ಹಲ್ಲುಚಕ್ರ ಬದಲಿಸಿ, ಮುಳ್ಳನ್ನು ಮೊಳೆಯ ಕೆಳಗೆ ಕೂರಿಸಿ, ಎತ್ತಿ ದಾಟಿಸಿ, ಮೋಟಾರಿಗೆ ಮೂರು ಸಲ ಹಾಕಿ, ಹಿಂದೆ ಚುಕ್ಕೆ ಇಟ್ಟಳು. ಹಳೆಯದನ್ನು ಬಿಚ್ಚಿದ ಹಾಗೇ ಬಿಟ್ಟಳು. ಮೇಷ್ಟ್ರಿಗೆ ಹೇಳಲೇಬೇಕು. ಏನೆಂದು ಶುರು ಮಾಡುವುದು ಅಂತ ಮಾತ್ರ ಸಂಜೆವರೆಗೂ ಹೊಳೆಯಲಿಲ್ಲ. ಅಪ್ಪ ಎರಡು ದಿನ ರೇಡಿಯೋ ಹಾಕಲಿಲ್ಲ.

ಶನಿವಾರ ಮೇಷ್ಟ್ರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕ್ಷೌರ ಮಾಡಿಸಿಕೊಂಡಿದ್ದರು. ಕಿಕ್ ಹೊಡೆದರು, ಗಾಡಿ ಎರಡನೇ ಒದೆತಕ್ಕೆ ಎದ್ದಿತು. ಆಂಪ್ ಮೀಟರಿನ ಮುಳ್ಳು ಒಂದು ಸಲ ನಡುಗಿ ಪ್ಲಸ್ಸಿನ ಕಡೆ ವಾಲಿತು. ಮೇಷ್ಟ್ರ ಮುಖ ಅರಳಿತು. ಹಾರನ್ ಹೊಡೆದು ನೋಡಿದರು, ಒಂದು ಸಲ ಸಾಲದು ಅಂತ ಇನ್ನೊಂದು ಸಲ.

"ಹಳೇದು?"

"ಹತ್ತು ನಿಮಿಷ ಕೊಡಿ, ಮುಚ್ಚಿ ಕೊಡ್ತೀನಿ." ಅವಳು ಕೈ ಒರೆಸಿಕೊಂಡಳು. "ಮೇಷ್ಟ್ರೇ, ಒಂದು ಮಾತು. ಆ ಮುಳ್ಳು ತಪ್ಪು ತೋರಿಸಿದ್ರೆ?"

"ತಪ್ಪು ಅಂದ್ರೆ?"

"ಅಂದ್ರೆ, ನೀವು ಅಷ್ಟು ಜೋರಾಗಿ ಹೋಗಿರ್ಲಿಲ್ಲ ಅಂತ ಆಗಿದ್ರೆ?"

ಮೇಷ್ಟ್ರು ಗಾಡಿ ಆಫ್ ಮಾಡಿದರು. ನಿಧಾನವಾಗಿ ನಕ್ಕರು.

"ಮೊದಲನೇ ವರ್ಷ ಪೂರ್ತಿ ನಾನೂ ಇದನ್ನೇ ಹೇಳ್ತಿದ್ದೆ. ಅರವತ್ತು, ಅರವತ್ತೈದು ಇರಬಹುದು, ಅದಕ್ಕಿಂತ ಮೇಲೆ ಹೋಗಿಲ್ಲ ಅಂತ. ಜೈಲಲ್ಲಿ ಸಿಕ್ಕಿದವರಿಗೆಲ್ಲ ಹೇಳ್ತಿದ್ದೆ. ಆಮೇಲೆ ನಿಮ್ಮಪ್ಪ ಹೇಳಿಕೆ ಕೊಟ್ಟಿದ್ದು ನೆನಪಾಗೋದು. ಅವರಿಗೆ ನನ್ನ ಮೇಲೇನು ದ್ವೇಷ? ಯಾಕೆ ಸುಳ್ಳು ಹೇಳ್ತಾರೆ? ಅವರು ಸರಿ ಅಂದ್ರೆ ನಾನೇ ಸುಳ್ಳ. ನನ್ನ ತಲೇನೇ ನನಗೆ ಮೋಸ ಮಾಡ್ತಿದೆ ಅಂತ ಒಪ್ಕೊಂಡೆ. ಒಪ್ಕೊಂಡ ದಿನ ನಿದ್ದೆ ಬಂತು ನೋಡಮ್ಮ." ಅವರು ಕುರ್ಚಿಯ ಕಡೆ ತಿರುಗಿ, ಶಾಲೆಯ ಮೈದಾನದಲ್ಲಿ ಮಾಡುವ ಹಾಗೆ, ಹಿಮ್ಮಡಿ ಜೋಡಿಸಿ ಕೈಮುಗಿದರು. "ನೀವು ಅವತ್ತು ನಿಜ ಹೇಳಿದ್ದಕ್ಕೆ ನಾನು ಬದುಕಿದೆ ಯಜಮಾನ್ರೇ. ಇಲ್ದಿದ್ರೆ ನಾನು ಇನ್ನೂ ಎಲ್ಲರ ಹತ್ರ ವಾದ ಮಾಡ್ಕೊಂಡು ತಿರುಗ್ತಿದ್ದೆ."

ಮೀಟರಕ್ಕ ಅಪ್ಪನ ಕಡೆ ನೋಡಿದಳು. ಈಗ ಹೇಳು. ಒಂದು ಮಾತು ಸಾಕು. ಕೈಮುಗಿದು ನಿಂತಿದ್ದಾರೆ, ಇದಕ್ಕಿಂತ ಸುಲಭದ ಹೊತ್ತು ನಿನಗೆ ಇನ್ನೊಂದು ಸಿಗುವುದಿಲ್ಲ.

ಅಪ್ಪ ಕೆಮ್ಮಿದ. "ಮೇಷ್ಟ್ರಿಗೆ ಟೀ ಹೇಳಮ್ಮ," ಅಂದ.

ಅವಳು ಟೀ ಹೇಳಲಿಲ್ಲ. ಬೇರೇನೂ ಹೇಳಲಿಲ್ಲ. ಒಳಗಿನ ಮೇಜಿಗೆ ಹೋಗಿ ಕೂತು, ಡಯಲ್ಲನ್ನೂ ಮುಳ್ಳನ್ನೂ ಮತ್ತೆ ಜೋಡಿಸಿದಳು. ಚಿಮಟದಲ್ಲಿ ಮುಳ್ಳಿನ ತುದಿ ಹಿಡಿದು ಮೇಲಕ್ಕೆ ತಂದಳು. ಅರವತ್ತೈದರ ಹತ್ತಿರ ಬಂದಾಗ ಕೈ ನಿಂತಿತು. ಹೊರಗೆ ಮೇಷ್ಟ್ರು ಗ್ರೀಸಣ್ಣನಿಗೆ ಹೇಳುತ್ತಿದ್ದರು, "ಅವಳಿಗೆ ಈಗ ಇಪ್ಪತ್ನಾಲ್ಕು. ಟ್ಯಾಂಕ್ ಮೇಲೆ ಕೂರು ಅಂದ್ರೆ ನಗ್ತಾಳೆ." ಗ್ರೀಸಣ್ಣ, "ಹಿಂದಿನ ಸೀಟು ಯಾತಕ್ಕಿದೆ ಮೇಷ್ಟ್ರೇ?" ಅಂದ. ಮೇಷ್ಟ್ರು ಕರವಸ್ತ್ರ ತೆಗೆದು ಆ ಸೀಟನ್ನು ಒರೆಸಿದರು.

ಅವಳು ಮುಳ್ಳನ್ನು ತೊಂಬತ್ತಕ್ಕೆ ತಂದಳು. ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತಿತ್ತು. ಉಸಿರು ಬಿಗಿಹಿಡಿದು, ಮುಳ್ಳಿನ ತುದಿಗೆ ಒಂದು ಹನಿ ಕೆಂಪು ಅರಗು ಬಿಟ್ಟು, ಅದು ಗಟ್ಟಿಯಾಗುವವರೆಗೂ ಹಿಡಿದುಕೊಂಡೇ ಇದ್ದಳು. ಆಮೇಲೆ ಡಯಲ್ಲಿನ ಬೆನ್ನಿನ ಅಂಚಿನಲ್ಲಿ, ಅಪ್ಪ ಉಜ್ಜಿದ ಜಾಗದಲ್ಲಿ, ಸೂಜಿಯಿಂದ ಆ ಶನಿವಾರದ ತಾರೀಕು ಗೀರಿದಳು. ಪಕ್ಕದಲ್ಲಿ ತನ್ನ ಗುರುತು. ಚುಕ್ಕೆ ಇಡಲಿಲ್ಲ. ಜಜ್ಜಿದ ಬಳೆ ಮೇಲೆ ಕೂರಿಸಿ ಸುತ್ತಲೂ ಒತ್ತಿದಳು. ಮುಳ್ಳಿನ ತುದಿ ಮೊದಲಿನ ಹಾಗೆಯೇ ತಗ್ಗಿನಡಿ ಮುಚ್ಚಿಹೋಯಿತು.

ಮೇಷ್ಟ್ರು ಮೀಟರನ್ನು ಬೆಳಕಿಗೆ ಹಿಡಿದು ನೋಡಿದರು. "ಸರಿಯಾಗಿದೆ," ಅಂದರು. ಟವೆಲಿನಲ್ಲಿ ಸುತ್ತಿ, ಅಂಗಿಯ ಒಳಗೆ ಎದೆಗೆ ಒತ್ತಿಟ್ಟುಕೊಂಡು, ಗಾಡಿ ಹತ್ತಿದರು. ಹೊಸ ಮುಳ್ಳು ಇಪ್ಪತ್ತರ ಆಸುಪಾಸಿನಲ್ಲೇ ತೂಗಾಡುತ್ತಾ ಹೋಯಿತು. ಬೀದಿಯ ತಿರುವಿನಲ್ಲಿ ಹಿಂದೆ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅವರು ಬಲಗೈಯನ್ನು ಭುಜಮಟ್ಟಕ್ಕೆ ನೆಟ್ಟಗೆ ಚಾಚಿ, ಬಹಳ ಹೊತ್ತು ಹಾಗೇ ಹಿಡಿದು, ಆಮೇಲೆ ತಿರುಗಿದರು.

ಅವಳ ಬೆನ್ನ ಹಿಂದೆ, ಅಂಗಡಿಯೊಳಗೆ, ಎರಡು ದಿನದ ಮೇಲೆ ರೇಡಿಯೋ ಶುರುವಾಯಿತು.

ನೀವಾಗಿದ್ದರೆ ಆ ಮುಳ್ಳನ್ನು ಎಲ್ಲಿ ನಿಲ್ಲಿಸುತ್ತಿದ್ದಿರಿ?